ಹಕೀಮ ಹೇಳಿದ್ದು, ಡಾಕ್ಟರು ಹೇಳುವುದು

ಹೋದ ವರ್ಷ ದಸರೆ ರಜೆಗೆ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಸೋದರಮಾವ ಜಗುಲಿಗೆ ಕರೆದು ತಮ್ಮ ಫೋನಿನಲ್ಲಿ ಒಂದು ಫೋಟೋ ತೋರಿಸಿದರು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅವರ ಮಗ ಪೆನ್ನಿನಂಥದ್ದೊಂದನ್ನು ಬೆರಳಲ್ಲಿ ಹಿಡಿದು ನಗುತ್ತಿದ್ದ.

"ನೋಡು ಮಗ, ಇದ್ನ ಸೇದಿ ನಮ್ ಹುಡ್ಗ ಸಿಗರೇಟ್ ಬಿಟ್ಟವ್ನೆ. ಅಲ್ಲಿ ಆಸ್ಪತ್ರೆ ಕಡೆಯೋರೇ ಕೊಟ್ರಂತೆ. ನಂಗೂ ಒಂದು ತಕ್ಕೊಂಡ್ ಬಾ ಅಂದ್ರೆ, ಇಂಡಿಯಾಕ್ಕೆ ತರಂಗಿಲ್ಲ ಅಂತಾನೆ. ನೀನು ಓದಿದೋಳು, ಹೇಳು. ಅಲ್ಲಿ ಡಾಕ್ಟ್ರು ಸುಳ್ಳೋ, ಇಲ್ಲಿ ಡಾಕ್ಟ್ರು ಸುಳ್ಳೋ?"

ಮಾವನಿಗೆ ಈಗ ಅರವತ್ತೊಂದು. ನಮ್ಮ ಕಡೆಯ ಅನೇಕರಂತೆ ಅವರೂ ಹೊಗೆಸೊಪ್ಪು ಬೆಳೆಯುವವರು. ಬ್ಯಾರನ್ನಿನಲ್ಲಿ ಸೊಪ್ಪು ಬೇಯಿಸುವ ಹಂಗಾಮಿನಲ್ಲಿ ರಾತ್ರಿಯಿಡೀ ಉರಿ ಕಾಯಬೇಕು. ನಿದ್ದೆ ತಡೆಯಲೆಂದು ಇಪ್ಪತ್ತರ ವಯಸ್ಸಿನಲ್ಲಿ ಕಚ್ಚಿದ ಬೀಡಿ ಇನ್ನೂ ಬಾಯಿ ಬಿಟ್ಟಿಲ್ಲ. ಬೆಳೆಯುವುದು ಸಿಗರೇಟಿನ ಸೊಪ್ಪು, ಸೇದುವುದು ಬೀಡಿ, ದಿನಕ್ಕೆ ಎರಡು ಕಟ್ಟು. ಈಗ ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಾರೆ.

ಅವತ್ತು ನಾನು ಉತ್ತರ ಕೊಡಲಿಲ್ಲ. ನಾನು ಓದಿರುವುದು ವೈದ್ಯಶಾಸ್ತ್ರವಲ್ಲ, ಇತಿಹಾಸ. ಆದಿಲ್‌ಶಾಹಿ ಕಾಲದ ದಖನ್ನಿನ ವ್ಯಾಪಾರದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಆದರೆ ಮೈಸೂರಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು: ಈ ಪ್ರಶ್ನೆಯನ್ನು ನಾನು ಮೊದಲೇ ಕೇಳಿದ್ದೇನೆ. ಅದು ನಾನು ಓದುತ್ತಿರುವ ಪುಟಗಳಲ್ಲೇ ಇದೆ. ಹೊಸದೊಂದು ಸೇದುವ ವಸ್ತು ಬಂದಾಗ ವೈದ್ಯರು ಏನನ್ನಬೇಕು ಎಂಬ ಜಗಳ ಈ ದೇಶದಲ್ಲಿ ನಾನೂರು ವರ್ಷ ಹಳೆಯದು. ಅದರ ಒಂದು ತುದಿ ಇರುವುದು ನಮ್ಮ ಬಿಜಾಪುರದಲ್ಲಿ.

*

ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವುದೆಂದು ಮಾತಾಗಿತ್ತು. ಆ ಕೆಲಸಕ್ಕಾಗಿ ಬಿಜಾಪುರಕ್ಕೆ ಬಂದ ಮೊಗಲ್ ರಾಯಭಾರಿ ಅಸದ್ ಬೇಗ್. ಅಲ್ಲಿ ಅವನು ತಂಬಾಕನ್ನು ಕಂಡ. ಹಿಂದೂಸ್ತಾನದಲ್ಲಿ ಎಲ್ಲೂ ನೋಡಿರದ ವಸ್ತು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದಿದ್ದ ಈ ಎಲೆ ಅಷ್ಟರಲ್ಲಿ ದಖನ್ನಿನೊಳಕ್ಕೆ ಬಂದಿತ್ತು. ಅಸದ್ ಬೇಗ್ ಒಂದಿಷ್ಟು ತಂಬಾಕು ಕೊಂಡು, ರತ್ನ ಕೂರಿಸಿದ ಚಂದದ ಚಿಲುಮೆಯೊಂದನ್ನು ಮಾಡಿಸಿ, 1604ರ ಸುಮಾರಿಗೆ ಆಗ್ರಾದ ಆಸ್ಥಾನದಲ್ಲಿ ಬಾದಶಹನ ಮುಂದಿಟ್ಟ. ಮುಂದೆ ನಡೆದುದನ್ನು ಅವನೇ ಪಾರಸಿಯಲ್ಲಿ ಬರೆದಿಟ್ಟಿದ್ದಾನೆ.

ಇದೇನೆಂದು ಅಕ್ಬರ ಕೇಳಿದ. ಪಕ್ಕದಲ್ಲಿದ್ದ ಅಮೀರನೊಬ್ಬ ಹೇಳಿದ: ಇದು ತಂಬಾಕು, ಮೆಕ್ಕಾ ಮದೀನಾಗಳಲ್ಲಿ ಎಲ್ಲರಿಗೂ ಗೊತ್ತು, ತಮಗೆ ಔಷಧಿಯೆಂದು ತಂದಿದ್ದಾರೆ. ಇಲ್ಲಿ 'ಔಷಧಿ' ಎನ್ನುವ ಮಾತನ್ನು ಗಮನಿಸಿ. ತಂಬಾಕು ಮೊಗಲ್ ಆಸ್ಥಾನದ ಹೊಸ್ತಿಲು ದಾಟಿದ್ದು ಚಟವಾಗಿ ಅಲ್ಲ, ಮದ್ದಾಗಿ. ಹೊಗೆಯನ್ನು ಮದ್ದೆಂದು ಸೇದುವುದು ನಮಗೆ ಹೊಸದೂ ಆಗಿರಲಿಲ್ಲ. ಗಿಡಮೂಲಿಕೆಗಳ ಬತ್ತಿ ಮಾಡಿ ಸೇದಿಸುವ ಧೂಮಪಾನದ ಕ್ರಮ ಚರಕಸಂಹಿತೆಯಲ್ಲೇ ಇದೆ. 'ಧೂಮಪಾನ ನಿಷೇಧಿಸಿದೆ' ಎಂದು ಬಸ್ಸಿನಲ್ಲಿ ಬರೆದಿರುವ ಶಬ್ದ ಒಂದು ಕಾಲದಲ್ಲಿ ವೈದ್ಯರ ಚೀಟಿಯ ಶಬ್ದ.

ಅಕ್ಬರ ಚಿಲುಮೆ ಕೈಗೆತ್ತಿಕೊಂಡಾಗ ಆಸ್ಥಾನದ ಹಕೀಮ ತಡೆದ. ಅಸದ್ ಬೇಗನ ಮನಸ್ಸು ನೋಯಬಾರದೆಂದು ಬಾದಶಹ ಎರಡು ಮೂರು ದಮ್ಮು ಎಳೆದ. ಹಕೀಮನಿಗೆ ಸಮಾಧಾನವಾಗಲಿಲ್ಲ. ಇದು ಪರೀಕ್ಷೆಯಾಗದ ಮದ್ದು, ನಮ್ಮ ವೈದ್ಯರು ಇದರ ಬಗ್ಗೆ ಏನೂ ಬರೆದಿಲ್ಲ, ಗುಣ ಗೊತ್ತಿಲ್ಲದ್ದನ್ನು ತಾವು ಸೇವಿಸುವುದು ತರವಲ್ಲ ಎಂದ. ಯೂರೋಪಿನವರು ದಡ್ಡರಲ್ಲ, ತಿಳಿದೇ ಬಳಸುತ್ತಿದ್ದಾರೆ ಎಂದು ಅಸದ್ ಬೇಗ್ ವಾದಿಸಿದ. ಅವರನ್ನು ನಾವು ಕಣ್ಣುಮುಚ್ಚಿ ಅನುಸರಿಸಬೇಕಿಲ್ಲ ಎಂದ ಹಕೀಮ. ಜಗತ್ತಿನ ಪ್ರತಿಯೊಂದು ರೂಢಿಯೂ ಒಂದು ದಿನ ಹೊಸದೇ ಆಗಿತ್ತಲ್ಲವೆ ಎಂದ ಅಸದ್ ಬೇಗ್. ಅಕ್ಬರನಿಗೆ ಈ ಮಾತು ಹಿಡಿಸಿತು. ನಮ್ಮ ಪುಸ್ತಕಗಳಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಿದರೆ ಮುಂದುವರಿಯುವುದು ಹೇಗೆ ಎಂದು ಕೇಳಿದ. ಆದರೆ ಆತ ಆ ಚಟ ಹಚ್ಚಿಕೊಳ್ಳಲಿಲ್ಲ.

ನನಗೆ ಮುಖ್ಯವೆನಿಸುವುದು ಇದಾದ ಮೇಲಿನದು. ಉಳಿದ ತಂಬಾಕನ್ನು ಅಸದ್ ಬೇಗ್ ಅಮೀರರಿಗೆ ಹಂಚಿದ. ರುಚಿ ಕಂಡವರು ಮತ್ತೆ ಕೇಳಿದರು. ವರ್ತಕರು ತಂದು ಮಾರತೊಡಗಿದರು. ಆಸ್ಥಾನದ ವಾದ ಮುಗಿಯುವ ಮೊದಲೇ ಪೇಟೆ ತನ್ನ ತೀರ್ಮಾನ ಹೇಳಿಯಾಗಿತ್ತು. 1617ರಲ್ಲಿ ಜಹಾಂಗೀರ ತಂಬಾಕನ್ನು ನಿಷೇಧಿಸಿದ. ಆ ನಿಷೇಧ ಎಷ್ಟು ನಡೆಯಿತೆಂಬುದನ್ನು ಮುಂದಿನ ಮೊಗಲ್ ಚಿತ್ರಗಳಲ್ಲಿ ಕಾಣುವ ಹುಕ್ಕಾಗಳೇ ಹೇಳುತ್ತವೆ.

ಹುಕ್ಕಾದ ಬಗ್ಗೆಯೂ ಒಂದು ಕಥೆಯಿದೆ. ಅಕ್ಬರನ ಹಕೀಮ ಅಬುಲ್ ಫತ್ ಗಿಲಾನಿ, ಹೊಗೆ ನೀರಿನಲ್ಲಿ ಹಾದು ಬಂದರೆ ಅಪಾಯ ಕಡಿಮೆಯಾದೀತೆಂದು ಅದನ್ನು ಕಂಡುಹಿಡಿದನಂತೆ. ಆತ ತೀರಿಕೊಂಡದ್ದು 1589ರಲ್ಲಿ, ಅಸದ್ ಬೇಗನ ಚಿಲುಮೆ ಆಸ್ಥಾನಕ್ಕೆ ಬರುವ ಎಷ್ಟೋ ವರ್ಷ ಮೊದಲು. ಆದ್ದರಿಂದ ಕಥೆಯನ್ನು ನಂಬುವುದು ಕಷ್ಟ. ಆದರೆ ಕಥೆ ಹುಟ್ಟಿದ್ದಕ್ಕೊಂದು ಅರ್ಥವಿದೆ. ಬಿಡಲಾಗದ್ದನ್ನು ಕೊಂಚ ಸುರಕ್ಷಿತವಾಗಿಸುವ ಯಂತ್ರವೊಂದನ್ನು ವೈದ್ಯನೇ ಮಾಡಿಕೊಡಲಿ ಎಂಬ ಆಸೆ ಅದರೊಳಗಿದೆ. ನೀರು ಹೊಗೆಯನ್ನು ತಂಪು ಮಾಡುತ್ತದೆ, ವಿಷವನ್ನು ಕಳೆಯುವುದಿಲ್ಲ ಎಂದು ಈಗ ಗೊತ್ತಾಗಿದೆ.

*

ಹಕೀಮನ ಅನುಮಾನ ನಿಜವೆಂದು ತೋರಿಸಲು ಮುನ್ನೂರೈವತ್ತು ವರ್ಷ ಬೇಕಾಯಿತು. 1946ರಲ್ಲಿ ಅಮೆರಿಕದ ಒಂದು ಸಿಗರೇಟು ಕಂಪನಿ ತನ್ನ ಸಿಗರೇಟನ್ನೇ ಹೆಚ್ಚು ಡಾಕ್ಟರುಗಳು ಸೇದುತ್ತಾರೆಂದು ಜಾಹೀರಾತು ಕೊಡುತ್ತಿತ್ತು. 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್, ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ರಸ್ತೆಯ ಡಾಂಬರೋ ಮೋಟಾರಿನ ಹೊಗೆಯೋ ಕಾರಣವಿರಬಹುದೆಂದು ಹೊರಟಿದ್ದ ಡಾಲ್, ಅಂಕಿಗಳನ್ನು ನೋಡಿ ತಾವೇ ಸಿಗರೇಟು ಬಿಟ್ಟರು. ಮರುವರ್ಷ ಇಬ್ಬರೂ ಬ್ರಿಟನ್ನಿನ ವೈದ್ಯರಿಗೆಲ್ಲ ಪತ್ರ ಬರೆದರು: ನೀವು ಸೇದುತ್ತೀರಾ, ಎಷ್ಟು? ಸುಮಾರು 40,000 ವೈದ್ಯರು ಉತ್ತರಿಸಿದರು. ಆಮೇಲೆ ಯಾರು ಯಾವಾಗ ಏನಾಗಿ ಸತ್ತರೆಂದು ಲೆಕ್ಕವಿಡುತ್ತಾ ಹೋದರು. ವೈದ್ಯಲೋಕ ತನ್ನ ಅಭಿಪ್ರಾಯ ಬದಲಿಸಿಕೊಂಡದ್ದು ವೈದ್ಯರ ಸಾವುಗಳನ್ನೇ ಎಣಿಸಿದ ಮೇಲೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 1962ರಲ್ಲಿ, ಅಮೆರಿಕದ ಸರ್ಜನ್ ಜನರಲ್ 1964ರಲ್ಲಿ ತಮ್ಮ ವರದಿಗಳನ್ನು ಹೊರತಂದರು.

ಸೇದಬೇಡಿ ಎಂದದ್ದಾಯಿತು. ಬಿಡುವುದು ಹೇಗೆ? ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಜನ ಸೇದುವುದು ನಿಕೋಟಿನ್‌ಗಾಗಿ, ಆದರೆ ಸಾಯುವುದು ಹೊಗೆಯಲ್ಲಿರುವ ಟಾರಿನಿಂದ ಎಂಬುದು ಅವರ ವಾದದ ತಿರುಳು. ಚಟ ಹಿಡಿಸುವುದೇ ಬೇರೆ, ಕೊಲ್ಲುವುದೇ ಬೇರೆ ಎಂದಾದರೆ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ತಪ್ಪಿಸಬಹುದಲ್ಲ? ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಓವೆ ಫರ್ನೊ ಎಂಬ ವಿಜ್ಞಾನಿ ನಿಕೋಟಿನ್ ಗಮ್ ತಯಾರಿಸುತ್ತಿದ್ದರು. ಜಲಾಂತರ್ಗಾಮಿಯೊಳಗೆ ಸೇದಲಾಗದ ನಾವಿಕರು ಅಲ್ಲಿರುವಷ್ಟು ದಿನ ಅಗಿಯುವ ತಂಬಾಕಿಗೆ ಬದಲಾಗುತ್ತಾರೆ ಎಂಬ ಸಂಗತಿ ಅದಕ್ಕೆ ಪ್ರೇರಣೆ. ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1984ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಆಮೇಲೆ ಬಂತು.

ಹೋನ್ ಲಿಕ್ ಚೀನಾದ ಶೆನ್ಯಾಂಗ್ ನಗರದ ಔಷಧತಜ್ಞ. ವಿಪರೀತ ಸೇದುತ್ತಿದ್ದವರು. ಅವರ ತಂದೆಯೂ ಸೇದುತ್ತಿದ್ದವರೇ, ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಪ್ಯಾಚ್ ಅಂಟಿಸಿ ನೋಡಿದ ಹೋನ್ ಲಿಕ್‌ಗೆ ಅದು ಸಾಲಲಿಲ್ಲ. ಎಳೆಯುವ ಸುಖ ಅದರಲ್ಲಿರಲಿಲ್ಲ. 2003ರಲ್ಲಿ ಅವರು ಬ್ಯಾಟರಿಯಿಂದ ನಡೆಯುವ, ನಿಕೋಟಿನ್ ದ್ರವವನ್ನು ಸುಡದೆ ಆವಿಯಂತೆ ಮಾಡಿ ಕೊಡುವ ಸಾಧನ ರೂಪಿಸಿದರು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಷ್ಟು ಹಿಂದೆಯೇ ಇಂಥದ್ದಕ್ಕೆ ಪೇಟೆಂಟ್ ಪಡೆದಿದ್ದರೂ ಅದು ಪೇಟೆಗೆ ಬಂದಿರಲಿಲ್ಲ. ಹೋನ್ ಲಿಕ್ ಅವರದ್ದು ಬಂತು. ಅದರ ಹೆಸರು 'ರುಯಾನ್', ಹೊಗೆಯಂತೆ ಎಂದರ್ಥ.

ಇಲ್ಲಿ ಗಮ್ಮಿಗೂ ಇ-ಸಿಗರೇಟಿಗೂ ಇರುವ ವ್ಯತ್ಯಾಸವನ್ನು ನೋಡಬೇಕು. ಗಮ್ ಪ್ರಯೋಗಾಲಯದಿಂದ ವೈದ್ಯರ ಕೈಗೆ, ಅಲ್ಲಿಂದ ರೋಗಿಯ ಕೈಗೆ ಬಂತು. ಇ-ಸಿಗರೇಟು ನೇರ ಅಂಗಡಿಗೆ ಬಂತು. ಚೀನಾದಲ್ಲಿ ಮಾರಾಟ ಶುರುವಾದದ್ದು 2004ರಲ್ಲಿ. ಸೇದುವವರು ಇದರಿಂದ ಬಿಡುತ್ತಾರೆಯೇ ಎಂದು ಪ್ಯಾಚಿನ ಜೊತೆ ಹೋಲಿಸಿ ನ್ಯೂಜಿಲೆಂಡಿನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂದದ್ದು 2013ರಲ್ಲಿ. ಅಸದ್ ಬೇಗನ ತಂಬಾಕಿನಂತೆಯೇ ಇದೂ ವೈದ್ಯರ ವಾದಕ್ಕೆ ಕಾಯಲಿಲ್ಲ. ಅಮೆರಿಕದ ಔಷಧ ನಿಯಂತ್ರಕರು ಇದನ್ನು ಒಪ್ಪಿಗೆಯಿಲ್ಲದ ಔಷಧಿಯೆಂದು ತಡೆಯಹೋದಾಗ, ಚಿಕಿತ್ಸೆಯೆಂದು ಹೇಳಿ ಮಾರದಿದ್ದರೆ ಇದು ತಂಬಾಕು ಉತ್ಪನ್ನವೇ ಎಂದು ಅಲ್ಲಿನ ನ್ಯಾಯಾಲಯ 2010ರಲ್ಲಿ ಹೇಳಿತು. ಬ್ರಿಟನ್ನಿನಲ್ಲಿ ಸಿಗರೇಟು ಕಂಪನಿಗೇ ಸೇರಿದ ಒಂದು ಇ-ಸಿಗರೇಟಿಗೆ 2015ರಲ್ಲಿ ಔಷಧಿಯ ಪರವಾನಗಿ ಸಿಕ್ಕಿತು. ಅದು ಮಾರಾಟಕ್ಕೆ ಬರಲೇ ಇಲ್ಲ. ತಾವು ತಾರದ, ತಮ್ಮ ಚೀಟಿಗೆ ಕಾಯದ ವಸ್ತುವಿನ ಬಗ್ಗೆ ವೈದ್ಯರು ಅಭಿಪ್ರಾಯ ಹೇಳಬೇಕಾಯಿತು.

*

ಅವರು ಒಂದೇ ಅಭಿಪ್ರಾಯ ಹೇಳಲಿಲ್ಲ. 2008ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಧೂಮಪಾನ ಬಿಡಿಸುವ ಚಿಕಿತ್ಸೆಯೆಂದು ತಾನು ಪರಿಗಣಿಸುವುದಿಲ್ಲ ಎಂದಿತು. 2014ರಲ್ಲಿ 53 ವಿಜ್ಞಾನಿಗಳು ಆ ಸಂಸ್ಥೆಗೆ ಪತ್ರ ಬರೆದು ಇದನ್ನು ಸಿಗರೇಟಿನ ಸಾಲಿಗೆ ಸೇರಿಸಬೇಡಿ ಎಂದರು. ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ತಜ್ಞರು ಅದಕ್ಕೆ ವಿರುದ್ಧವಾದ ಪತ್ರ ಬರೆದರು. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಇ-ಸಿಗರೇಟು ಸಿಗರೇಟಿಗಿಂತ ಸುಮಾರು 95% ಕಡಿಮೆ ಹಾನಿಕರ ಎಂಬ ಅಂದಾಜನ್ನು ಮುಂದಿಟ್ಟಿತು. ಆ ಸಂಖ್ಯೆಯ ಹಿಂದೆ ಇದ್ದದ್ದು ಹನ್ನೆರಡು ಜನ ಸೇರಿ ಹಾಕಿದ ಅಂದಾಜು, ಅದರ ತಳಹದಿ ತೀರಾ ತೆಳು ಎಂದು ಲ್ಯಾನ್ಸೆಟ್ ಸಂಪಾದಕೀಯ ಬರೆಯಿತು. 1962ರಲ್ಲಿ ಸಿಗರೇಟಿನ ವಿರುದ್ಧ ವರದಿ ಕೊಟ್ಟಿದ್ದ ಅದೇ ರಾಯಲ್ ಕಾಲೇಜು 2016ರಲ್ಲಿ, ಸೇದುವವರಿಗೆ ಬದಲಿಯಾಗಿ ಇ-ಸಿಗರೇಟನ್ನು ಪ್ರೋತ್ಸಾಹಿಸಬೇಕೆಂದಿತು.

ಪ್ರಯೋಗಗಳು ಏನು ಹೇಳಿದವು? ನ್ಯೂಜಿಲೆಂಡಿನಲ್ಲಿ 657 ಜನರಲ್ಲಿ ಆರು ತಿಂಗಳ ನಂತರ ಸಿಗರೇಟು ಬಿಟ್ಟಿದ್ದವರು ಇ-ಸಿಗರೇಟಿನ ಗುಂಪಿನಲ್ಲಿ 7.3%, ಪ್ಯಾಚಿನ ಗುಂಪಿನಲ್ಲಿ 5.8%. ಹೆಚ್ಚು ಕಡಿಮೆ ಒಂದೇ. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗದಲ್ಲಿ 886 ಜನರಿದ್ದರು. ಒಂದು ವರ್ಷದ ನಂತರ ಬಿಟ್ಟಿದ್ದವರು ಇ-ಸಿಗರೇಟಿನ ಗುಂಪಿನಲ್ಲಿ 18%, ಗಮ್ಮು ಪ್ಯಾಚಿನಂಥವುಗಳ ಗುಂಪಿನಲ್ಲಿ 9.9%. ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನೂ ಓದಬೇಕು. ಹಾಗೆ ಬಿಟ್ಟವರ ಪೈಕಿ ಮೊದಲ ಗುಂಪಿನ 80% ಜನ ವರ್ಷದ ಕೊನೆಗೂ ಇ-ಸಿಗರೇಟು ಸೇದುತ್ತಿದ್ದರು. ಎರಡನೆಯ ಗುಂಪಿನಲ್ಲಿ ಗಮ್ಮು ಪ್ಯಾಚಿಗೆ ಅಂಟಿಕೊಂಡವರು 9% ಮಾತ್ರ. 2022ರಲ್ಲಿ ಕಾಕ್ರೇನ್ ಸಂಸ್ಥೆ ಎಲ್ಲ ಪ್ರಯೋಗಗಳನ್ನೂ ಒಟ್ಟು ಮಾಡಿ ತೂಗಿ, ಬಿಡಿಸುವುದರಲ್ಲಿ ಇ-ಸಿಗರೇಟು ಗಮ್ಮು ಪ್ಯಾಚಿಗಿಂತ ಮುಂದಿದೆ ಎಂಬುದಕ್ಕೆ ಗಟ್ಟಿ ಆಧಾರವಿದೆ ಎಂದಿತು. ಮರುವರ್ಷ ಬ್ರಿಟನ್ ಸರ್ಕಾರ ಹತ್ತು ಲಕ್ಷ ಜನರಿಗೆ ಇದನ್ನು ಹಂಚುವ ಯೋಜನೆ ಪ್ರಕಟಿಸಿತು.

ಹಾಗಾದರೆ ವಿರೋಧಿಸುವ ವೈದ್ಯರು ಹಟಮಾರಿಗಳೆ? ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ನೆನಪಿದೆ. 1950ರ ದಶಕದಲ್ಲಿ ಸುರಕ್ಷಿತವೆಂದು ಮಾರಿದ ಒಂದು ಸಿಗರೇಟಿನ ಫಿಲ್ಟರಿನಲ್ಲಿ ಕಲ್ನಾರು ಇತ್ತು. ಆಮೇಲೆ 'ಲೈಟ್' ಸಿಗರೇಟುಗಳು ಬಂದವು. ಸೇದುವವರು ಇನ್ನಷ್ಟು ಜೋರಾಗಿ ಎಳೆದರು ಅಷ್ಟೇ. ಕಡಿಮೆ ಹಾನಿಯ ಮಾತು ತಂಬಾಕು ಕಂಪನಿಗಳ ಬಾಯಿಂದ ಬಂದಾಗಲೆಲ್ಲ ವೈದ್ಯರು ಮೋಸ ಹೋಗಿದ್ದಾರೆ. 2018ರಲ್ಲಿ ಅಮೆರಿಕದ ಸಿಗರೇಟು ಕಂಪನಿ ಆಲ್ಟ್ರಿಯಾ, ಇ-ಸಿಗರೇಟು ಮಾರುವ ಜೂಲ್ ಕಂಪನಿಯ 35% ಪಾಲನ್ನು ಕೊಂಡಿತು. ಅದೇ ತಿಂಗಳು ಅಲ್ಲಿನ ಸರ್ಜನ್ ಜನರಲ್ ಎಳೆಯರಲ್ಲಿ ಇದು ಸಾಂಕ್ರಾಮಿಕದಂತೆ ಹಬ್ಬಿದೆ ಎಂದರು. ಮರುವರ್ಷ ಅಮೆರಿಕದಲ್ಲಿ ಆವಿ ಸೇದಿದವರ ಶ್ವಾಸಕೋಶ ಹಾಳಾಗಿ ಆಸ್ಪತ್ರೆ ಸೇರಿದ್ದು, ಸತ್ತದ್ದು ದೊಡ್ಡ ಸುದ್ದಿಯಾಯಿತು. ಅದಕ್ಕೆ ಬಹುಪಾಲು ಕಾರಣ ಗಾಂಜಾದ ಸಾರವಿದ್ದ ದ್ರವಗಳಿಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂದು ಗೊತ್ತಾಗುವ ಹೊತ್ತಿಗೆ ಹೆದರಿಕೆ ಎಲ್ಲ ಕಡೆ ಹರಡಿತ್ತು.

ನಮ್ಮ ದೇಶದ ನಿರ್ಧಾರ ಬಂದದ್ದು ಆಗಲೇ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪೂರ್ತಿ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿಗೆ ಕೊಟ್ಟಿತು, ವರ್ಷದ ಕೊನೆಗೆ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸುದ್ದಿ ಬಂದ ದಿನ ಸಿಗರೇಟು ಕಂಪನಿಗಳ ಷೇರಿನ ಬೆಲೆ ಏರಿತು. ಬೀಡಿ, ಸಿಗರೇಟು, ಜರ್ದಾ ಎಂದಿನಂತೆ ಅಂಗಡಿಯಲ್ಲೇ ಉಳಿದವು. ನಮ್ಮೂರಿನ ಹೊಗೆಸೊಪ್ಪು ಎಂದಿನಂತೆ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಹೋಯಿತು.

*

ಸಂಕ್ರಾಂತಿ ಕಳೆದ ಮೇಲೆ ಮಾವನನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ತಂಬಾಕು ಬಿಡಿಸುವ ವಿಭಾಗದ ವೈದ್ಯರು ನನಗಿಂತ ಹತ್ತು ವರ್ಷಕ್ಕೆ ಹಿರಿಯರಿರಬಹುದು. ಮಾವ ಕುರ್ಚಿಯಲ್ಲಿ ಕೂತವರೇ ಫೋನು ತೆಗೆದು ಮಗನ ಫೋಟೋ ತೋರಿಸಿದರು. "ಅಲ್ಲಿ ಡಾಕ್ಟ್ರೇ ಕೊಡ್ತಾರಂತಲ್ಲ ಸಾರ್?"

ಅವರು ನಗಲಿಲ್ಲ, ಬೈಯಲಿಲ್ಲ. "ಅವರು ತಪ್ಪು ಮಾಡಿಲ್ಲ ಯಜಮಾನ್ರೇ. ಅಲ್ಲಿದ್ದಿದ್ರೆ ನಾನೂ ಕೊಡ್ತಿದ್ದೆನೇನೋ. ಆದ್ರೆ ಇಲ್ಲಿ ನನ್ನ ಮುಂದೆ ಬಂದು ಕೂರೋರಲ್ಲಿ ಜಾಸ್ತಿ ಜನ ಸೇದೋರಲ್ಲ, ಅಗಿಯೋರು. ಅವರಿಗೆ ಆ ಯಂತ್ರ ಏನು ಮಾಡುತ್ತೆ? ಅದನ್ನ ಕದ್ದು ತರಿಸಿ ಸೇದೋ ಹುಡುಗರನ್ನ ಅಪ್ಪ ಅಮ್ಮ ಕರ್ಕೊಂಡು ಬರ್ತಾರೆ. ಆ ಮಕ್ಕಳು ಅದಕ್ಕೆ ಮುಂಚೆ ಸಿಗರೇಟೇ ಮುಟ್ಟಿದವರಲ್ಲ."

ಮನೆಗೆ ಬಂದು ಲೆಕ್ಕ ನೋಡಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸೇದುವವರು 10.7%, ಹೊಗೆಯಿಲ್ಲದ ತಂಬಾಕು ಬಳಸುವವರು 21.4%. ಬೀಡಿ ಸೇದುವವರು 7.7%, ಸಿಗರೇಟು ಸೇದುವವರು 4%. ನಾನು ಮೇಲೆ ಹೇಳಿದ ಎರಡೂ ಪ್ರಯೋಗಗಳು ನಡೆದದ್ದು ಸಿಗರೇಟಿನ ನಾಡುಗಳಲ್ಲಿ. ನಲವತ್ತು ವರ್ಷ ಬೀಡಿ ಸೇದಿದ ನನ್ನ ಮಾವನಂಥವರು ಆ ಲೆಕ್ಕದಲ್ಲಿಲ್ಲ.

ಎರಡು ದೇಶದ ವೈದ್ಯರು ಜಗಳವಾಡುತ್ತಿದ್ದಾರೆ ಎಂದುಕೊಂಡಿದ್ದೆ. ನಿಜಕ್ಕೂ ಅವರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದಾರೆ. ಸಿಗರೇಟು ಬಿಡಲಾಗದ ಈ ಒಬ್ಬ ಮನುಷ್ಯನಿಗೆ ಏನು ಕೊಡಲಿ ಎಂಬುದು ಒಂದು ಪ್ರಶ್ನೆ. ಸೇದಲು ಇನ್ನೂ ಶುರುಮಾಡದ ಹದಿನೈದರ ಹುಡುಗಿಯ ಕೈಗೆ ಇದು ಸಿಕ್ಕರೆ ಏನಾದೀತು ಎಂಬುದು ಇನ್ನೊಂದು. ಮೂವತ್ತು ವರ್ಷ ಇದನ್ನು ಸೇದಿದರೆ ಏನಾಗುತ್ತದೆ ಎಂಬುದು ಮೂರನೆಯದು. ಅದಕ್ಕೆ ಉತ್ತರವಿಲ್ಲ, ಏಕೆಂದರೆ ಮೂವತ್ತು ವರ್ಷ ಸೇದಿದವರು ಇನ್ನೂ ಹುಟ್ಟಿಕೊಂಡಿಲ್ಲ. ಅಕ್ಬರನ ಆಸ್ಥಾನದ ಕಷ್ಟವೂ ಇದೇ ಆಗಿತ್ತು. ಹಕೀಮ ಹೇಳಿದ್ದು ಕೊನೆಗೆ ನಿಜವಾಯಿತು. ಆದರೆ ಪುಸ್ತಕದಲ್ಲಿಲ್ಲ ಎಂಬುದರ ಹೊರತು ಅವನ ಕೈಯಲ್ಲಿ ಬೇರೆ ಆಧಾರವಿರಲಿಲ್ಲ. ಪುಸ್ತಕದಲ್ಲಿಲ್ಲ ಎಂಬುದು ಆಧಾರವೇ ಅಲ್ಲ ಎಂದ ಅಕ್ಬರನೂ ಸರಿ. ಇವರಿಬ್ಬರ ನಡುವೆ ಇರಬೇಕಾಗಿದ್ದದ್ದು ಪರೀಕ್ಷೆ ಮಾಡಿ ನೋಡುವ ದಾರಿ. ಅದು ಈಗ ನಮ್ಮ ಬಳಿ ಇದೆ. ಬೀಡಿ ಸೇದುವವರ ಮೇಲೆ, ನಮ್ಮ ವೈದ್ಯರ ಕಣ್ಣೆದುರಿಗೇ ಆ ಪರೀಕ್ಷೆ ನಡೆದು ಆಮೇಲೆ ನಿಷೇಧವೋ ಒಪ್ಪಿಗೆಯೋ ಬಂದಿದ್ದರೆ ಮಾವನಿಗೆ ಇನ್ನೂ ನೇರವಾದ ಉತ್ತರ ಕೊಡಬಹುದಿತ್ತು.

ಗಮ್ ಅಗಿಯಲು ಮಾವನಿಗೆ ದವಡೆ ಹಲ್ಲುಗಳಿಲ್ಲ. ಡಾಕ್ಟರು ಪ್ಯಾಚ್ ಬರೆದುಕೊಟ್ಟರು. ಬೀಡಿ ಪ್ಯಾಕಿನ ಮೇಲೆ ಅಚ್ಚಾಗಿರುವ ಸಹಾಯವಾಣಿಯ ನಂಬರಿಗೆ ಬೆರಳಿಟ್ಟು, ಮನಸ್ಸು ಎಳೆದಾಗ ಇದಕ್ಕೆ ಫೋನ್ ಮಾಡಿ ಎಂದರು. ನಲವತ್ತು ವರ್ಷ ಆ ಪೊಟ್ಟಣ ಹಿಡಿದ ಮಾವ ಆ ನಂಬರನ್ನು ಅವತ್ತೇ ಮೊದಲು ನೋಡಿದ್ದು.

ಊರಿನ ಬಸ್ಸಿನಲ್ಲಿ ಅವರಿಗೆ ಅಸದ್ ಬೇಗನ ಕಥೆ ಹೇಳಿದೆ. ಪೂರ್ತಿ ಕೇಳಿ, "ಕೊನೆಗೆ ಬಾದಶಹ ಸೇದಿದ್ನಾ?" ಎಂದರು.

"ಎರಡು ಮೂರು ದಮ್ಮು. ಆಮೇಲೆ ಇಲ್ಲ."

"ಹಂಗಾದ್ರೆ ಹಕೀಮನ ಮಾತು ಕೇಳ್ದ ಅನ್ನು."

ಬೀಡಿ ಬಿಟ್ಟು ಈಗ ನಾಲ್ಕು ತಿಂಗಳು. ನಡುವೆ ಎರಡು ಸಲ ಸೇದಿದ್ದಾರೆ. ಒಂದು ಸಲ ಸಾವಿನ ಮನೆಯಲ್ಲಿ, ಇನ್ನೊಂದು ಸಲ ಯಾಕೆಂದು ಅವರಿಗೇ ಗೊತ್ತಿಲ್ಲ. ಹೊಲದಲ್ಲಿ ಸಸಿ ನಾಟಿಯಾಗಿದೆ, ಸೊಪ್ಪು ಮುರಿಯುವ ಕಾಲ ದೂರವಿಲ್ಲ. ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಬರುವ ರಾತ್ರಿಗಳ ಬಗ್ಗೆ ಅವರಿಗೆ ಭಯವಿದೆ. ಆ ವಾರ ಊರಿಗೆ ಬಂದು ಜೊತೆಗೆ ಕೂರುತ್ತೇನೆ ಎಂದು ಹೇಳಿದ್ದೇನೆ.